ಎಡಕ್ಕೆ ತಳ್ಳಿದರೆ ಬಲಕ್ಕೆ

ನನ್ನ ಹೆಂಡತಿ ಸುನಂದಾಗೆ ನಾನೊಂದು ಸುಳ್ಳು ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಮೂರು ವರ್ಷ ಅದನ್ನು ಸಾಕಿದೆ. ಸುಳ್ಳು ದೊಡ್ಡದೇನಲ್ಲ — ಕಂಪ್ಯೂಟರಿನ ಮೌಸನ್ನು ಯಾವ ಕಡೆ ತಳ್ಳಿದರೆ ಪರದೆಯ ಮೇಲಿನ ಬಾಣ ಯಾವ ಕಡೆ ಹೋಗಬೇಕು ಎಂಬಷ್ಟರದು. ಆದರೆ ಅದನ್ನು ಒಪ್ಪಿಕೊಂಡರೆ ಏನೇನಾಗಬಹುದು ಎಂದು ನಾನು ಊಹಿಸಿಕೊಂಡದ್ದಕ್ಕೆ ಮಿತಿಯಿರಲಿಲ್ಲ. ಆಕೆ ಮಾತು ಬಿಡಬಹುದು. ಮಾತು ಬಿಡದೆ, ಅದಕ್ಕಿಂತ ಕೆಟ್ಟದ್ದು, ಬಂದ ಬಂದವರಿಗೆಲ್ಲ ಹೇಳಬಹುದು. ಕಲಬುರ್ಗಿಯ ಅವಳ ಅಣ್ಣನಿಗೆ ಫೋನು ಹೋಗಬಹುದು. ಆತ ಮರುದಿನದ ರೈಲಿಗೇ ಬಂದು ನಮ್ಮ ಸೋಫಾದ ಮೇಲೆ ಕಾಲು ಮಡಚಿ ಕೂತು "ಏನ್ರೀ ಸಾಹೇಬ್ರ" ಎಂದು ಶುರು ಮಾಡಬಹುದು. ಹೊಸದಾಗಿ ಸಿಕ್ಕ ಕೆಲಸವೇ ಬೇಡವೆಂದು ಆಕೆ ಕೂತುಬಿಡಬಹುದು. ನನ್ನ ಬಿ.ಪಿ. ಏರಬಹುದು. ಏರಿದಾಗ ಮಾತ್ರೆ ಎಲ್ಲಿದೆ ಎಂದು ಕೇಳಲು, ಮೊದಲು ಮಾತು ಇರಬೇಕಲ್ಲ —

ಇರಲಿ. ಮೊದಲಿನಿಂದ ಹೇಳುತ್ತೇನೆ.

ನಾವಿರುವುದು ಮರಾಠಿಯವರ ಊರಿನಲ್ಲಿ; ನಾನು ಇಲ್ಲಿನ ಹಡಪಸರದ ಒಂದು ಕಾರ್ಖಾನೆಯಲ್ಲಿ ತಪಾಸಣೆಯವನು. ಬೇರೆಯವರು ಮಾಡಿದ ಬಿಡಿಭಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಾಪಸು ಕಳಿಸುವುದಕ್ಕೇ ನನಗೆ ಸಂಬಳ. ಸುನಂದಾ ಕೊಂಢವಾದ ನಮ್ಮ ಮನೆಯಲ್ಲೇ ಕೂತು ಮರಾಠಿಯ ಕೈಪಿಡಿಗಳನ್ನು ಕನ್ನಡಕ್ಕೆ ಮಾಡುವವಳು. ಬಾಣಂತಿಯರ ಆಹಾರ, ಬೀಜದ ಪೊಟ್ಟಣದ ಹಿಂದಿನ ಸೂಚನೆ, ಹೀಗೆ. ಸಂತೆಯಲ್ಲಿ ಕೊತ್ತಂಬರಿಗೆ ಚೌಕಾಸಿ ಮಾಡುತ್ತ ಕಲಿತ ಮರಾಠಿ ಅವಳದು. ಈಗ ಮರಾಠಿಯವರೇ ಅವಳನ್ನು ಅರ್ಥ ಕೇಳುತ್ತಾರೆ. ಒಂದೇ ಪರದೆಯ ಮೇಲೆ ಎರಡು ಭಾಷೆಯ ಕಡತಗಳನ್ನು ಹಿಂದೆ ಮುಂದೆ ಮಾಡುತ್ತ ಸಾಲು ತಪ್ಪಿ ಗೊಣಗುತ್ತಿದ್ದಳು. ಹೀಗಾಗಿ ಇನ್ನೊಂದು ಮಾನಿಟರ್ ತಂದೆವು. ಎಡಕ್ಕೆ ಮರಾಠಿ, ಬಲಕ್ಕೆ ಕನ್ನಡ.

ಜೋಡಿಸುವವನು ನಾನೇ. ಅಂಗಡಿಯವನು ಕಳಿಸಿದ್ದ ಮನುಷ್ಯನನ್ನು "ಬ್ಯಾಡ, ಇದೇನು ದೊಡ್ಡ ಕೆಲಸ" ಎಂದು ವಾಪಸು ಕಳಿಸಿದ್ದೆ. ಮೇಜಿನ ಕೆಳಗೆ ನುಗ್ಗಿ, ತಲೆ ತಾಗಿಸಿಕೊಂಡು, ಸುನಂದಾ ಹಿಡಿದ ಟಾರ್ಚಿನ ಬೆಳಕಿನಲ್ಲಿ ವೈರು ಚುಚ್ಚಿ ಹೊರಗೆ ಬಂದೆ. ಎರಡೂ ಪರದೆ ಬೆಳಗಿದವು. ಗೆದ್ದವನ ಹಾಗೆ ಅಂಗಿಯ ಧೂಳು ಕೊಡವುತ್ತ ನಿಂತಿದ್ದೆ. ಆಕೆ ಮೌಸ್ ಹಿಡಿದಳು.

"ರೀ, ಬಲಕ್ಕ ತಳ್ಳಿದ್ರ ಬಾಣ ಗ್ವಾಡಿಗಿ ಹಾಯ್ದಂಗ ನಿಂದರ್ತದಲ್ರೀ. ಎಡಕ್ಕ ತಳ್ಳಿದ್ರ ಆ ಬಲಗಡಿ ಪರದ್ಯಾಗ ಇಣುಕ್ತದ!"

ಯಾಕೆ ಹಾಗಾಗುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. 'ನನಗೆ ಗೊತ್ತಿಲ್ಲ' ಎಂಬುದು ಎರಡೇ ಶಬ್ದ. ಅವು ಬರಲಿಲ್ಲ — ಬಂದದ್ದು ಇದು:

"ಎರಡು ಪರದಿ ಅಂದ್ರ ಹಂಗ ಇರ್ತದ ಸುನಂದಾ. ಕನ್ನಡ್ಯಾಗ ಎಡಾ-ಬಲಾ ತಿರುಗಂಗಿಲ್ಲೇನು? ಹಂಗ."

"ಹೌದೇನು?" ಎಂದು ಆಕೆ ಕಣ್ಣರಳಿಸಿದಳು. "ಎಷ್ಟ್ ವಿಚಾರ ಮಾಡಿ ಮಾಡ್ಯಾರಲ್ರೀ!"

ಆ ಬೆರಗು ನನಗೆ ಸಂದದ್ದಾಗಿರಲಿಲ್ಲ. ಆದರೂ ತೆಗೆದುಕೊಂಡೆ. ವಾರ ಕಳೆಯುವಷ್ಟರಲ್ಲಿ ಸುನಂದಾಳ ಕೈ ಪಳಗಿತು. ಎಡಕ್ಕೊಂದು ಚುರುಕು ತಳ್ಳು, ಬಲದ ಪರದೆಗೆ ಬಾಣ. ನೋಡಲು ಚೆಂದವಿತ್ತು. ನಾನೂ ನಂಬಿಬಿಟ್ಟಿದ್ದೆನೋ ಏನೋ.

ಅಲ್ಲಿಯವರೆಗೆ ಅದು ತಪ್ಪು ಮಾತ್ರ. ಪಾಪವಾದದ್ದು ಮೇಘನಾ ಬಂದ ದಿನ. ಮೇಲಿನ ಮನೆಯ ಬೆಂಗಳೂರು ಹುಡುಗಿ, ಮಗರಪಟ್ಟಾದ ಐಟಿ ಕಂಪನಿಯವಳು. ಏನೋ ಪ್ರಿಂಟ್ ತೆಗೆಯಲು ಬಂದಿದ್ದಳು. ಸುನಂದಾ ಒಳಗೆ ಚಹಾ ಮಾಡುತ್ತಿದ್ದಳು. ಹುಡುಗಿ ಮೌಸ್ ಮುಟ್ಟಿದ್ದೇ ತಡ, "ಅಂಕಲ್, ಇದು ಉಲ್ಟಾ ಇದೆ! ಸೆಟ್ಟಿಂಗ್ಸಲ್ಲಿ ಎರಡು ಡಬ್ಬ ಕಾಣ್ತಾವಲ್ಲ, ಎರಡನೇದನ್ನ ಎಳೆದು ಈ ಕಡೆ ಹಾಕಿದ್ರೆ ಆಯ್ತು. ಮಾಡ್ಲಾ?"

"ಬ್ಯಾಡಮ್ಮಾ," ಎಂದೆ, ಅಡುಗೆಮನೆಯ ಕಡೆ ನೋಡುತ್ತ. "ಆಂಟಿಗೆ ರೂಢಿ ಆಗೇದ. ಹೇಳ್ಲಿಕ್ಕೂ ಹೋಗಬ್ಯಾಡ."

ಆಕೆ ನನ್ನ ಮುಖ ನೋಡಿದಳು. "ಸರಿ ಅಂಕಲ್. ನಿಮ್ಮನೆ, ನಿಮ್ಮ ಮಾನಿಟರು," ಎಂದು ನಕ್ಕಳು. ಆಮೇಲೆ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಆ ನಗುವಿನ ಉಳಿಕೆ ಅವಳ ತುಟಿಯ ಮೇಲಿರುತ್ತಿತ್ತು. ನನಗೆ ಮೆಟ್ಟಿಲು ಬೇಡವಾಯಿತು; ಲಿಫ್ಟಿಗೆ ಕಾಯತೊಡಗಿದೆ. ಮನೆಗೆ ಕಂಪ್ಯೂಟರ್ ಬಲ್ಲವರು ಯಾರೇ ಬರಲಿ, ಮೇಜಿಗೆ ಬೆನ್ನು ಕೊಟ್ಟು ಕಾವಲು ನಿಲ್ಲುತ್ತಿದ್ದೆ. ಒಂದು ಡಬ್ಬ ಎಳೆಯುವ ಕೆಲಸ. ಬೇರೆಯವರ ಕೂದಲೆಳೆ ಹಿಡಿಯುವವನು ನಾನು, ನನ್ನದೊಂದು ತೊಲೆಯನ್ನೇ ಪಾಸು ಮಾಡಿ ಕೂತಿದ್ದೆ.

ಈ ವರ್ಷ ಮಗರಪಟ್ಟಾದ ಒಂದು ಅನುವಾದದ ಕಚೇರಿಯಿಂದ ಅವಳಿಗೆ ಕರೆ ಬಂತು — ಪರೀಕ್ಷೆ ಕೊಡಿ, ಗೆದ್ದರೆ ಕಾಯಂ ಕೆಲಸ. ನಲವತ್ತೆಂಟರಲ್ಲಿ ಮೊದಲ ಬಾರಿಗೆ ಕಚೇರಿ. ಅಲ್ಲಿ ಎಲ್ಲರಿಗೂ ಎರಡೆರಡು ಪರದೆ ಎಂದು ಆಕೆ ಹಿಗ್ಗಿ ಹೇಳಿದಳು. ಹೇಳಬೇಕು, ಹೇಳಬೇಕು ಎಂದುಕೊಂಡೇ ಸ್ಕೂಟರಿನಲ್ಲಿ ಬಿಟ್ಟುಬರಲು ಹೋದೆ. ಒಂದೊಂದು ಸಿಗ್ನಲ್ಲಿನಲ್ಲೂ ಬಾಯಿ ತೆರೆದೆ. ಹಡಪಸರದ ಹೊಗೆ ಕುಡಿದು ಮುಚ್ಚಿದೆ.

ಸಂಜೆ ಆಕೆ ಬಾಗಿಲಲ್ಲೇ ಕೂಗಿದಳು. "ಸಿಕ್ತು ರೀ!"

ಆಮೇಲೆ ಚಪ್ಪಲಿ ಬಿಚ್ಚುತ್ತ, "ಆದ್ರ ಒಂದು ಮಾತು ಕೇಳ್ರಿ. ಅಷ್ಟ್ ದೊಡ್ಡ ಆಫೀಸು, ಪರದಿ ಜೋಡಸ್ಲಿಕ್ಕ ಬರಂಗಿಲ್ಲ ಅವರಿಗಿ! ಎಡಕ್ಕ ತಳ್ಳಿದ್ರ ಬಾಣ ಬಲಗಡಿ ಪರದಿಗಿ ಹೋಗ್ಲೇ ಇಲ್ಲ. ನಾ ಏನ್ ಮಾಡಿದೆ, ಎದ್ದು ನಿಂತು ಎರಡೂ ಪರದಿ ಎತ್ತಿ ಅದಲುಬದಲು ಇಟ್ಟೆ. ಆತು ನೋಡ್ರಿ! ಅಲ್ಲಿನ ಮ್ಯಾಡಮ್ಮು 'ಕಾಯ್ ಝಾಲಂ ತಾಈ?' ಅಂತ ಓಡಿ ಬಂದ್ಳು. ಏನೂ ಆಗಿಲ್ಲ, ಇವು ತಪ್ಪಿದ್ದವು, ನಮ್ಮನಿಯವರು ಕಲಿಸ್ಯಾರ ಅಂದೆ. ಸೋಮವಾರ ಹೊಸಾ ಹುಡುಗ್ಯಾರಿಗೆ ಕೆಲಸ ನಾನ ತೋರಿಸ್ಬೇಕಂತ. ಮೊದ್ಲ ಎಲ್ಲಾರ ಪರದಿ ಸರಿ ಮಾಡಿಸಿ ಬಿಡ್ತೀನಿ."

ಇಡೀ ಕಚೇರಿಯ ಮುಂದೆ, ನನ್ನ ಮಾತನ್ನು ನಂಬಿ ನಿಂತು, ಆಕೆ —

"ಸುನಂದಾ," ಎಂದೆ. "ಅವರದು ಸರಿ ಇತ್ತು. ತಪ್ಪಿದ್ದು ನಮ್ಮದು. ನಮ್ಮದಲ್ಲ… ನಂದು."

"ಅಂದ್ರ?"

ಕಂಪ್ಯೂಟರಿನ ಮುಂದೆ ಕೂರಿಸಿದೆ. ಆ ಎರಡು ಡಬ್ಬ ತೋರಿಸಿದೆ. ಎಳೆದೆ. ಆಕೆ ಮೌಸನ್ನು ಬಲಕ್ಕೆ ತಳ್ಳಿದಳು. ಬಾಣ ಸಲೀಸಾಗಿ ಬಲಕ್ಕೇ ದಾಟಿತು.

"ಇಷ್ಟೇನು?"

"ಇಷ್ಟ."

"ನಿಮಗ ಯಾವಾಗ ತಿಳೀತು?"

ಇಲ್ಲಿ ಇನ್ನೊಂದು ಸುಳ್ಳು ಸುಲಭವಾಗಿತ್ತು. ನಾಲಿಗೆಯ ತುದಿಗೂ ಬಂದಿತ್ತು. "ಮೇಘನಾ ಪ್ರಿಂಟ್ ತಗೀಲಿಕ್ಕ ಬಂದಿದ್ಳಲ್ಲ… ಅವತ್ತ."

ಆಕೆ ಪರದೆಯನ್ನೇ ನೋಡುತ್ತ ಕೂತಳು. ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದುಕೊಂಡೆ. ಅಳುವಲ್ಲ — ಕುರ್ಚಿಯಿಂದ ನೆಲಕ್ಕಿಳಿದು, ಹೊಟ್ಟೆ ಹಿಡಿದು ನಗುತ್ತಿದ್ದಳು. "ಕೂಸಿನಂಗ ಬಗಲಾಗ ಎತ್ಕೊಂಡಿದ್ದೆ ರೀ ಆ ಪರದಿ! ಆ ಮ್ಯಾಡಮ್ಮು ಬಾಯಿ ತಕ್ಕೊಂಡು ನೋಡ್ಲಿಕತ್ತಿದ್ಳು. ನನ್ನ ಜ್ಞಾನಕ್ಕ ಬೆರಗಾಗ್ಯಾಳ ಅಂತ ತಿಳ್ಕೊಂಡಿದ್ದೆ!" ಕಣ್ಣೊರೆಸಿಕೊಂಡು, "ಕನ್ನಡಿ ಅಂತ, ಕನ್ನಡಿ! ಭಾಳ ಶಾಣ್ಯಾರು ನೀವು," ಎಂದು ಮತ್ತೆ ಶುರುವಾದಳು. ಮೂರು ವರ್ಷದಲ್ಲಿ ಮೊದಲ ಬಾರಿಗೆ ಆ ಕೋಣೆಯಲ್ಲಿ ನಾನೂ ಹೊಟ್ಟೆ ತುಂಬ ನಕ್ಕೆ.

ಸೋಮವಾರ ಹೋಗಿ ತಾನೇ ಎಲ್ಲರಿಗೂ ಹೇಳಿದಳಂತೆ. ಹೊಸ ಹುಡುಗಿಯರು ಅವಳಿಗೆ ಅಂಟಿಕೊಂಡದ್ದೇ ಆ ಕಥೆಯಿಂದ. ಕಲಬುರ್ಗಿಗೂ ಫೋನು ಹೋಯಿತು. ಅಣ್ಣ ನಕ್ಕ ನಗೆಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಮಾತು ನಿಲ್ಲಲಿಲ್ಲ, ಕೆಲಸ ಹೋಗಲಿಲ್ಲ, ಬಿ.ಪಿ. ಇದ್ದಲ್ಲೇ ಇದೆ.

ಆದದ್ದು ಒಂದೇ. ಅದೂ ಸಣ್ಣದು. ಕಳೆದ ಭಾನುವಾರ ಸುನಂದಾ ಶೇಂಗಾ ಚಟ್ನಿ ಮಾಡುತ್ತಿದ್ದಾಗ ಮಿಕ್ಸರ್ ಗಕ್ಕನೆ ನಿಂತಿತು. ಹೊರಕೋಣೆಯಲ್ಲಿ ಪೇಪರು ಮಡಚಿಟ್ಟು ಕಾದೆ — ಇಂಥದ್ದಾದಾಗ ಆಕೆ ನನ್ನನ್ನು ಕೂಗುವುದು ಇಪ್ಪತ್ತಾರು ವರ್ಷದ ರೂಢಿ. ಸದ್ದಿಲ್ಲ. ಬಾಗಿಲಿಗೆ ಹೋಗಿ ಇಣುಕಿದೆ. ಆಕೆ ಮಿಕ್ಸರನ್ನು ಬೋರಲು ಹಾಕಿ, ಸುತ್ತ ನೋಡಿ, ತಳದಲ್ಲಿದ್ದ ಕೆಂಪು ಗುಂಡಿಯನ್ನು ತಾನೇ ಹುಡುಕಿ ಒತ್ತಿದಳು. ಮತ್ತೆ ಅರೆಯತೊಡಗಿತು. ಕರೆದಿದ್ದರೆ, "ನನಗ ಗೊತ್ತಿಲ್ಲ, ಇಬ್ಬರೂ ಕೂಡಿ ನೋಡೂಣು" ಎನ್ನಲು ಬಾಯಿ ಸಿದ್ಧ ಮಾಡಿಕೊಂಡಿದ್ದೆ.

ಕರೆಯಲಿಲ್ಲ.