ತುಳಸಿಯಡಿಯ ಕಾಲುವೆ

ಮಳೆನೀರು ಹೊಸ್ತಿಲು ದಾಟಿ ಒಳಬಂದಾಗ ನಾನು ಹಾಸಿಗೆ ಹಿಡಿದಿದ್ದ ಅತ್ತೆಯ ಮಂಚದ ಕಾಲುಗಳಿಗೆ ಇಟ್ಟಿಗೆ ಕೊಡುತ್ತಿದ್ದೆ. ಮರಾಠಿ ಸೀಮೆಯ ಟಿಟ್ವಾಳಾದ ಆಚೆ, ಒಂದು ಕಾಲಕ್ಕೆ ಕಲ್ಲಿನ ಕ್ವಾರಿಯಿಂದಲೇ ಬದುಕಿದ್ದ ಸಣ್ಣ ಊರು ನಮ್ಮದು. ಗುಡ್ಡದ ನೀರೆಲ್ಲ ನಮ್ಮ ಅಂಗಳಕ್ಕೇ ಇಳಿಯುತ್ತದೆ.

ಅಷ್ಟರಲ್ಲಿ ಪಕ್ಕದ ಚಾಳಿನ, ಆ ಸಾಲುಮನೆಗಳ ಮರಾಠಿ ಅಜ್ಜಿ, ಎಲ್ಲರ ಬಾಯಲ್ಲಿ ಆಜಿ, ಹಾರೆ ಹಿಡಿದು ಬಂದರು. ಹರೆಯದಲ್ಲಿ ಆ ಕ್ವಾರಿಯಲ್ಲೇ ಕಲ್ಲು ಒಡೆದವರು.

"ಅಗಂ ಪೋರಿ, ಗಟಾರದ ಬಾಯಿ ಮೇಲೇ ತುಳಸಿ ಇಟ್ಟಿದ್ದೀಯಲ್ಲ!" ಎಂದು ಮರಾಠಿಯಲ್ಲಿ ಹೇಳಿ ನಕ್ಕರು.

ಅಡಿಯಲ್ಲಿ ಗಟಾರವಿದೆಯೆಂದು ತಿಳಿಯದೆ, ಅಂಗಳದಲ್ಲಿ ಒಳ್ಳೆಯ ಚಪ್ಪಡಿ ಸಿಕ್ಕಿತೆಂದು ಅದರ ಮೇಲೆ ತುಳಸಿಯ ಕುಂಡ ಇಟ್ಟವಳು ನಾನೇ. ಆದರೆ ಸಂಜೆ ದೀಪ ಹಚ್ಚಿದ ಮೇಲೆ ತುಳಸಿಯನ್ನು ಮುಟ್ಟುವುದು ಹೇಗೆ? ಹಿಂಜರಿದೆ.

"ತುಳಸಿಯ ಕಾಲೂ ಒದ್ದೆಯಾಗಿದೆ. ಪಕ್ಕಕ್ಕೆ ಕೂರಿಸು, ಅವಳೇನೂ ಬೈಯಲ್ಲ!" ಎಂದರು ಆಜಿ.

ಮಂಚದಿಂದ ಅತ್ತೆಯೂ, "ಎತ್ತು ಮಾರಾಯ್ತಿ, ಪಾಪ ಬಂದ್ರೆ ನಂಗೇ ಬರ್ಲಿ," ಎಂದರು.

ಕುಂಡ ಸರಿಸಿದೆವು. ಆಜಿ ಚಪ್ಪಡಿ ಮೀಟಿದ್ದೇ ತಡ, ನೀರು ಗುಳುಗುಳು ಸದ್ದು ಮಾಡುತ್ತಾ ಹಳೆಯ ಕ್ವಾರಿಯ ಹೊಂಡದ ಕಡೆ ಓಡಿತು. ಮೂವರೂ ನಕ್ಕಿದ್ದೇ ನಕ್ಕಿದ್ದು.

ಐದು ವರ್ಷ ಅಕ್ಕಪಕ್ಕದಲ್ಲಿದ್ದೂ ಆಜಿ ನಮ್ಮಲ್ಲಿ ಚಹಾ ಕುಡಿದದ್ದು ಅಂದೇ ಮೊದಲು. ಈಗ ಪ್ರತಿ ಮಳೆಗಾಲಕ್ಕೆ ಮುಂಚೆ ನಾವಿಬ್ಬರೂ ಸೇರಿ ಆ ಕಾಲುವೆಯ ಕಸ ತೆಗೆಯುತ್ತೇವೆ. ಆ ದಿನ ನನ್ನ ಸ್ನಾನ, ಪೂಜೆ ಎಲ್ಲ ಅದಾದ ಮೇಲೆಯೇ.