ಎದುರಂಗಡಿಯ ಕುರ್ಚಿ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕ್ಷೌರದ ಅಂಗಡಿ ಇಟ್ಟಿರುವವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ರೇಡಿಯೋ ಎಂದರೆ ಸಾಕು. ಕತ್ತರಿ ಕೈಗೆ ಬಂದದ್ದೇ ತಡ, ಅವನ ಬಾಯಿ ಶುರುವಾಗುತ್ತದೆ. ಯಾರ ಮನೆಯ ನಲ್ಲಿ ಸೋರುತ್ತಿದೆ, ಯಾರ ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ, ಯಾವ ಗುಮಾಸ್ತನಿಗೆ ವರ್ಗವಾಯಿತು, ಎಲ್ಲವೂ ಅಲ್ಲಿ ಬಿತ್ತರವಾಗುತ್ತದೆ. ಗಿರಾಕಿಯ ತಲೆ ಅವನ ಕೈಯಲ್ಲಿರುವುದರಿಂದ ನಡುವೆ ಎದ್ದು ಹೋಗುವ ಹಾಗೂ ಇಲ್ಲ.

ರಸ್ತೆಯಾಚೆ, ಸರಿಯಾಗಿ ಎದುರಿಗೆ, ಇನ್ನೊಂದು ಕ್ಷೌರದ ಅಂಗಡಿಯಿದೆ. ಅದು ರೇಡಿಯೋನ ಹೆಂಡತಿಯ ತಮ್ಮನದು. ಅವನು ಹುಟ್ಟಾ ಮೌನಿ. ಬಹಳ ವರ್ಷ ಭಾವನ ಕೈಕೆಳಗೇ ಕೆಲಸ ಕಲಿತವನು, ಒಂದು ಬೆಳಿಗ್ಗೆ "ಭಾವ, ಎದುರಿಗಿರೋ ಮಳಿಗೆ ಹಿಡಿದಿದೀನಿ" ಎಂದು ಹೇಳಿ, ತನ್ನ ಬಾಚಣಿಗೆ ಕತ್ತರಿ ಎತ್ತಿಕೊಂಡು ರಸ್ತೆ ದಾಟಿಬಿಟ್ಟ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು ಎಂದು ಬೀದಿಯವರು ನಕ್ಕರು. ರೇಡಿಯೋಗೆ ನಗು ಬರಲಿಲ್ಲ. ಭಾವಮೈದುನ ಮನೆಗೆ ಬಂದರೆ ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡುತ್ತಿದ್ದ. ಆದರೆ ಆ ಅಂಗಡಿಯ ಮೆಟ್ಟಿಲು ಮಾತ್ರ ತುಳಿಯಲಿಲ್ಲ.

ಹೀಗಿರುವಾಗ ವಿಶ್ವವಿದ್ಯಾಲಯದಿಂದ ಒಬ್ಬ ಸಂಶೋಧಕಿ ಬಂದಳು. ಹೆಗಲಿಗೆ ದೊಡ್ಡ ಚೀಲ, ಬಿಸಿಲಿಗೆ ಕೆಂಪಾದ ಮುಖ. ಕಾಯುವವರ ಬೆಂಚಿನಲ್ಲಿ ಕೂತು ವಿಷಯ ಹೇಳಿದಳು.

"ಗಂಡಸರು ಆಸ್ಪತ್ರೆ ಕಡೆ ತಲೆ ಹಾಕಲ್ಲ ಸರ್. ಆದ್ರೆ ಕೂದಲು ಬೆಳೆದ್ರೆ ನಿಮ್ಮ ಹತ್ರ ಬಂದೇ ಬರ್ತಾರೆ. ಬಿಪಿ ಅನ್ನೋದು ನೋಯಲ್ಲ, ಸದ್ದು ಮಾಡಲ್ಲ, ಒಂದಿನ ಇದ್ದಕ್ಕಿದ್ದ ಹಾಗೆ ಕೆಡವುತ್ತೆ. ಅಂಗಡೀಲೇ ಬಿಪಿ ನೋಡಿ, ಜಾಸ್ತಿ ಇದ್ದೋರನ್ನ ನೀವೇ ಡಾಕ್ಟರ ಹತ್ರ ಕಳಿಸಿದ್ರೆ ಏನಾದ್ರೂ ಪ್ರಯೋಜನ ಆಗುತ್ತಾ ಅಂತ ಒಂದು ವರ್ಷ ನೋಡೋಣ ಅಂತ."

"ಸರಿಯಾದ ಮನುಷ್ಯನ ಹತ್ರಾನೇ ಬಂದಿದೀಯಮ್ಮ!" ಎಂದ ರೇಡಿಯೋ. "ಹೇಳಿ ಒಪ್ಪಿಸೋದಕ್ಕೆ ಈ ಊರಲ್ಲಿ ನನ್ನ ಬಿಟ್ಟರೆ ಇನ್ಯಾರಿದಾರೆ?"

ಮೊದಲು ವಿಶ್ವವಿದ್ಯಾಲಯದವರೇ ಬಂದು, ಈ ಅಧ್ಯಯನಕ್ಕೆ ಸೇರಿಕೊಂಡ ಊರಿನ ಕ್ಷೌರದ ಅಂಗಡಿಗಳಿಗೆಲ್ಲ ಹೋಗಿ, ಒಪ್ಪಿದ ಗಿರಾಕಿಗಳ ಬಿಪಿ ನೋಡಿದರು. ಎದುರಂಗಡಿಯಲ್ಲಿ ಗಂಡಸರು ಸಾಲಾಗಿ ಅಂಗಿಯ ತೋಳು ಮಡಚಿ ನಿಂತಿದ್ದರು. ರೇಡಿಯೋನ ಅಂಗಡಿಯಲ್ಲಿ ಒಪ್ಪಿದವರು ಕೆಲವರೇ; ಒಬ್ಬನಿಗೆ ಬಸ್ಸಿಗೆ ಹೊತ್ತಾಯಿತು, ಇನ್ನೊಬ್ಬನಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. "ನೀವೂ ನೋಡಿಸ್ಕೊಳ್ಳಿ" ಎಂದು ಸಂಶೋಧಕಿ ಹೇಳಿದರೆ, "ನಾನು ಗುಂಡುಕಲ್ಲು ಇದ್ದ ಹಾಗಿದೀನಿ" ಎಂದು ಅವನು ತೋಳು ಹಿಂದಕ್ಕೆಳೆದುಕೊಂಡ.

ಆಮೇಲೆ ಚೀಟಿ ಎತ್ತಿದರು. ಅರ್ಧ ಅಂಗಡಿಗಳಿಗೆ ಬಿಪಿ ಮೆಷಿನ್, ತರಬೇತಿ. ಉಳಿದರ್ಧಕ್ಕೆ ಒಂದು ಕಟ್ಟು ಕರಪತ್ರ, ಗೋಡೆಗೆ ಒಂದು ಚಿತ್ರಪಟ. ಮೆಷಿನ್ ಹೋಗಿ ಮೌನಿಯ ಪಾಲಿಗೆ ಬಿತ್ತು. ರೇಡಿಯೋಗೆ ಕರಪತ್ರ.

ಅಂದು ಅವನು ಮನೆಗೆ ಮುಖ ಊದಿಸಿಕೊಂಡು ಬಂದ. ಅವನ ಹೆಂಡತಿ ಮನೆಯ ಮುಂಗೋಣೆಯಲ್ಲೇ ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ಕಾಜ ಹಾಕುತ್ತಿದ್ದವಳು ತಲೆ ಎತ್ತಿ ನೋಡಿದಳು.

"ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರಲ್ಲ, ಹಾಗಾಯ್ತು ಕಣೇ. ನಿನ್ನ ತಮ್ಮನ ಬಾಯಿಂದ ಮಾತು ಹೊರಡಿಸೋಕೆ ಇಕ್ಕಳ ಬೇಕು. ಅವನಿಗೆ ಮೆಷಿನ್ನು! ನನಗೆ ಕಾಗದ! ನಾಳೆನೇ ಹೋಗಿ ನನಗೆ ಬೇಡ ಅಂತ ಹೇಳಿಬಿಡ್ತೀನಿ."

ಹೇಳಿಯೂ ಬಿಟ್ಟ. ಸಂಶೋಧಕಿ ಅವಸರ ಮಾಡಲಿಲ್ಲ.

"ಒಂದು ಕೇಳ್ಲಾ ಸರ್? ಕೂದಲು ಉದುರುತ್ತೆ ಅಂತ ಬರೋರು ಅದ್ಯಾವುದೋ ಎಣ್ಣೆ ಹಚ್ಚಿ, ಮತ್ತೆ ಬೆಳೀತು ಅಂತಾರಲ್ಲ. ಅದು ಎಣ್ಣೆಯಿಂದಾನೇ ಬೆಳೆಯೋದಾ?"

"ಎಲ್ಲಿ ಬಂತು! ಜೋರು ಜ್ವರ ಬಂದು ಹೋದ್ಮೇಲೆ ಕೂದಲು ಉದುರುತ್ತೆ, ಸ್ವಲ್ಪ ತಿಂಗಳಾದ್ಮೇಲೆ ತಾನಾಗೇ ಬರುತ್ತೆ. ಎಣ್ಣೆ ಹಚ್ಚಿದೋನಿಗೂ ಬರುತ್ತೆ, ಹಚ್ಚದೋನಿಗೂ ಬರುತ್ತೆ. ನನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯ್ತು ಅನ್ನೋ ಕಥೆ ಅದು."

"ಹಚ್ಚದೋರನ್ನೂ ನೋಡಿದ್ದಕ್ಕೆ ತಾನೇ ನಿಮಗೆ ಅದು ಗೊತ್ತಾಗಿದ್ದು? ಮೆಷಿನ್ ಇಲ್ಲದ ಅಂಗಡಿಗಳೂ ಇಲ್ದಿದ್ರೆ ನಮ್ಮ ಮೆಷಿನ್ನೂ ಆ ಕೋಳಿನೇ ಆಗುತ್ತೆ ಸರ್. ನೀವು ಬಿಟ್ಟು ಹೋದ್ರೆ ನಮಗೆ ಏನೂ ಗೊತ್ತಾಗಲ್ಲ."

ರೇಡಿಯೋ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ. ಆಮೇಲೆ ಕರಪತ್ರದ ಕಟ್ಟು ಬಿಚ್ಚಿ ಕನ್ನಡಿಯ ಕೆಳಗೆ ಜೋಡಿಸಿದ.

ಒಪ್ಪಿಕೊಂಡ ಮೇಲೆ ಅವನು ಅರೆಮನಸ್ಸಿನಿಂದ ಮಾಡುವವನಲ್ಲ. ಕರಪತ್ರ ಬಾಯಿಪಾಠ ಮಾಡಿದ. ಉಪ್ಪು ಕಡಿಮೆ ಮಾಡಿ, ನಡೆಯಿರಿ, ಬೀಡಿ ಬಿಡಿ, ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಿ ಎಂದು ಗಿರಾಕಿಯ ಕೆನ್ನೆಗೆ ಸೋಪು ಹಚ್ಚಿದ ಮೇಲೆ ಶುರುಮಾಡುತ್ತಿದ್ದ. ಆಗ ಯಾರೂ ಎದುರು ಮಾತಾಡುವಂತಿರಲಿಲ್ಲ.

ಆದರೆ ಮಧ್ಯಾಹ್ನವಾದರೆ ಅವನಿಗೇ ತಲೆಯ ಹಿಂಭಾಗ ಭಾರವಾಗತೊಡಗಿತು. ಒಮ್ಮೆ ಬಗ್ಗಿ ಎದ್ದಾಗ ಕಣ್ಣು ಕತ್ತಲಿಟ್ಟು ಕುರ್ಚಿಯ ಬೆನ್ನು ಹಿಡಿದು ನಿಂತ. ಹೆಂಡತಿಗೆ ಗುಟ್ಟು ತಿಳಿಯಲು ತಡವಾಗಲಿಲ್ಲ.

"ಊರಿಗೆಲ್ಲ ಬುದ್ಧಿ ಹೇಳ್ತೀರ, ನೀವು ಹೋಗಿ ನೋಡಿಸ್ಕೊಳ್ಳಿ ಅಂದ್ರೆ ಆಗಲ್ವಾ? ತಮ್ಮನ ಅಂಗಡಿ ಎದುರಿಗೇ ಇದೆ."

"ಅವನ ಹತ್ರಾನಾ? ಅಲ್ಲದೆ, ನಾನು ಕಾಗದದ ಕಡೆಯೋನು. ಆ ಕಡೆ ಹೋಗಬಾರದು."

ಹೆಂಡತಿ ಸಂಶೋಧಕಿಗೇ ಫೋನ್ ಮಾಡಿ ಕೇಳಿದಳು. ಆ ಕಡೆಯಿಂದ ಬಂದ ದನಿ ರೇಡಿಯೋಗೂ ಕೇಳಿಸುವಷ್ಟು ಜೋರಾಗಿತ್ತು: "ಸಂಶೋಧನೆಗೋಸ್ಕರ ಯಾರೂ ಕಾಯಿಲೆ ಬಚ್ಚಿಟ್ಟುಕೊಂಡು ಕೂರಬೇಕಾಗಿಲ್ಲ! ಈಗಲೇ ಹೋಗೋಕೆ ಹೇಳಿ!"

"ಆದ್ರೂ ಎಲ್ಲರೂ ಅವನ ಹತ್ರಾನೇ ಯಾಕೆ ಹೋಗ್ತಾರೋ" ಎಂದು ಗೊಣಗಿದ ರೇಡಿಯೋ.

ಹೆಂಡತಿ ಸೂಜಿ ಕೆಳಗಿಟ್ಟಳು. "ಬೇಜಾರು ಮಾಡ್ಕೋಬೇಡಿ. ನಿಮ್ಮ ಅಂಗಡೀಲಿ ನೋಡಿಸ್ಕೊಂಡ್ರೆ ಸಂಜೆ ಹೊತ್ತಿಗೆ ಕೊನೇ ಬಸ್ಸಿನ ಡ್ರೈವರ್‌ಗೂ ಗೊತ್ತಾಗಿರುತ್ತೆ. ಅವನಿಗೆ ಹೇಳಿದ್ದು ಗೋಡೆಗೆ ಹೇಳಿದ ಹಾಗೆ. ಅದಕ್ಕೇ."

ರೇಡಿಯೋಗೆ ಮಾತು ನಾಟಿತು. ಸಿಟ್ಟೇನೂ ಬರಲಿಲ್ಲ, ಇಷ್ಟು ವರ್ಷ ತಾನು ನಗಿಸುತ್ತಿದ್ದೇನೆ ಎಂದುಕೊಂಡ ಎಷ್ಟು ಜನ ಒಳಗೊಳಗೇ ಮುದುಡಿಕೊಂಡಿರಬಹುದು ಎಂದು ಮೊದಲ ಸಲ ಅನಿಸಿತು. ಅಂಗಡಿಗೆ ಬಂದವನು ಬಾಗಿಲು ಅರ್ಧ ಎಳೆದು, ರಸ್ತೆ ದಾಟಿದ.

ಮೌನಿ ಆಗಷ್ಟೇ ನೆಲದ ಕೂದಲು ಗುಡಿಸಿ ಮುಗಿಸಿದ್ದ. ಭಾವನನ್ನು ಮೆಟ್ಟಿಲ ಮೇಲೆ ಕಂಡು ಪೊರಕೆ ಹಿಡಿದುಕೊಂಡೇ ನಿಂತುಬಿಟ್ಟ. ಆಮೇಲೆ ಕುರ್ಚಿಯನ್ನು ಟವೆಲಿನಿಂದ ಒರೆಸಿದ. ಹಾಗೆ ಒರೆಸಿ ಕೂರಿಸುವುದು ರೇಡಿಯೋನೇ ಕಲಿಸಿದ್ದ ಮರ್ಯಾದೆ. ಕೂರಿಸಿ, ತೋಳಿಗೆ ಪಟ್ಟಿ ಸುತ್ತಿ, ಗುಂಡಿ ಒತ್ತಿದ.

"ನೋಡು, ಸ್ವಲ್ಪ ದಿನದಿಂದ ನನಗೆ..." ಎಂದು ರೇಡಿಯೋ ಶುರುಮಾಡಿದ.

"ಭಾವ. ಮಾತಾಡಬಾರದು. ಮಾತಾಡಿದ್ರೆ ಬಿಪಿ ಹೆಚ್ಚಾಗಿ ತೋರಿಸುತ್ತೆ."

ಪಟ್ಟಿ ಬಿಗಿಯಿತು, ಸಡಿಲಾಯಿತು. ಮೌನಿ ಸ್ವಲ್ಪ ತಡೆದು ಇನ್ನೊಮ್ಮೆ ನೋಡಿದ. ಅಂಕಿ ಏರಿಯೇ ಇತ್ತು. ಅವನು ಹುಬ್ಬು ಗಂಟಿಕ್ಕಲಿಲ್ಲ, ಗಾಬರಿಯನ್ನೂ ತೋರಿಸಲಿಲ್ಲ. ಅಂಗಡಿಗೆ ಬೀಗ ಹಾಕಿ, "ನಡೀರಿ, ನಾನೂ ಬರ್ತೀನಿ" ಎಂದ.

ಆಸ್ಪತ್ರೆಯ ಉದ್ದ ಬೆಂಚಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ಸುಮಾರು ಹೊತ್ತಾದ ಮೇಲೆ ಮೌನಿ ತಾನಾಗಿಯೇ ಬಾಯಿ ಬಿಟ್ಟ.

"ದೂರದಲ್ಲೂ ಮಳಿಗೆ ಸಿಗ್ತಿತ್ತು ಭಾವ. ನಿಮ್ಮ ಮಾತು ಕೇಳಿಸೋ ಕಡೆನೇ ಇರೋಣ ಅನ್ನಿಸ್ತು."

ರೇಡಿಯೋ ಅವನ ತೊಡೆ ತಟ್ಟಿದ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಡಾಕ್ಟರು ದಿನಾ ನುಂಗಲು ಮಾತ್ರೆ ಬರೆದರು, ಉಪ್ಪಿಗೆ ಕಡಿವಾಣ ಹಾಕಿದರು. ಮೌನಿ ಸ್ವಂತ ಅಕ್ಕನಿಗೂ ಒಂದಕ್ಷರ ಹೇಳಲಿಲ್ಲ. ಸಂಜೆ ರೇಡಿಯೋನೇ ಹೆಂಡತಿಯ ಮುಂದೆ ಮಾತ್ರೆ ಇಟ್ಟು, ಎಲ್ಲ ಹೇಳಿದ. ಅವಳು ಅರ್ಧ ಬೈದು, ಅರ್ಧ ಅತ್ತು, ಉಪ್ಪಿನ ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿದಳು.

ವರ್ಷ ತುಂಬಿದಾಗ ವಿಶ್ವವಿದ್ಯಾಲಯದವರು ಮತ್ತೆ ಬಂದು ಎಲ್ಲರ ಬಿಪಿ ನೋಡಿದರು. ಈ ಸಲ ರೇಡಿಯೋನ ಅಂಗಡಿಯಲ್ಲೂ ಜನ ತೋಳು ಚಾಚಿದರು. ಬಿಪಿ ನೋಡುವಷ್ಟು ಹೊತ್ತೂ ಅವನು ಹೊರಗೆ ಹೋಗಿ ನಿಂತಿದ್ದ. ಕೆಲವು ವಾರಗಳ ನಂತರ ಕ್ಷೌರಿಕರನ್ನೆಲ್ಲ ಕರೆದು ಫಲಿತಾಂಶ ಹೇಳಿದರು. ಮೆಷಿನ್ ಇದ್ದ ಅಂಗಡಿಗಳ ಗಿರಾಕಿಗಳಲ್ಲಿ ಬಿಪಿ ಚೆನ್ನಾಗಿ ಇಳಿದಿತ್ತು. ಕರಪತ್ರದ ಕಡೆ ಅಲ್ಪಸ್ವಲ್ಪ. ಎಲ್ಲಕ್ಕಿಂತ ಮುಂದಿದ್ದದ್ದು ಮೌನಿಯ ಅಂಗಡಿ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ರೇಡಿಯೋ.

"ನಮ್ಮ ಅಂಗಡಿ ಹೇಗಮ್ಮಾ?" ಎಂದು ಕೇಳದೆ ಇರಲಾಗಲಿಲ್ಲ ಅವನಿಗೆ.

"ಕರಪತ್ರದವರ ಪೈಕಿ ನೀವು ಸ್ವಲ್ಪ ಮುಂದೇನೇ. ಆದ್ರೆ ಒಂದೇ ಅಂಗಡಿ ನೋಡಿ ಏನೂ ಹೇಳೋಕಾಗಲ್ಲ ಅಂಕಲ್."

"ಆಗಲ್ಲ, ಆಗಲ್ಲ" ಎಂದು ಅವನೂ ಗಂಭೀರವಾಗಿ ತಲೆಯಾಡಿಸಿದ.

ಆಮೇಲೆ ಎಲ್ಲ ಅಂಗಡಿಗಳಿಗೂ ಮೆಷಿನ್ ಬಂತು. ರೇಡಿಯೋಗೆ ತರಬೇತಿ ಕೊಟ್ಟವನು ಮೌನಿ. ರೇಡಿಯೋ ತನ್ನ ಅಂಗಡಿಯ ಒಂದು ಮೂಲೆಗೆ ಪರದೆ ಕಟ್ಟಿಸಿದ್ದಾನೆ. ಅದರೊಳಗೆ ಕಂಡ ಅಂಕಿ ಇಂದಿಗೂ ಆಚೆ ಬಂದಿಲ್ಲ. ಒಳಗೆ ಬಾಯಿ ಬಿಗಿಹಿಡಿದು ಪಟ್ಟ ಕಷ್ಟಕ್ಕೆ ಹೊರಗೆ ಬಂದು ಬಡ್ಡಿ ಸಮೇತ ಮಾತಾಡುತ್ತಾನೆ, ಅಷ್ಟೇ.

ಮೊನ್ನೆ ಸಂಶೋಧಕಿ ಅವನ ಮನೆಗೆ ಬಂದಿದ್ದಳು. ಹೆಂಡತಿ ಒಂದು ಕುಪ್ಪಸದ ಅಳತೆ ತೆಗೆಯುತ್ತಿದ್ದಳು. ಇನ್ನೂ ನಾಲ್ಕೈದು ಹೆಂಗಸರು ಕಾಯುತ್ತಿದ್ದರು.

"ಅಲ್ಲಮ್ಮಾ, ಗಂಡಸರಿಗೇನೋ ಕ್ಷೌರದ ಅಂಗಡಿ ಆಯ್ತು" ಎಂದಳು ಅವಳು, ಟೇಪು ಕೊರಳಿಗೆ ಹಾಕಿಕೊಳ್ಳುತ್ತ. "ಇವರಿಗೂ ಆಸ್ಪತ್ರೆಗೆ ಹೋಗೋಕೆ ಪುರುಸೊತ್ತಿಲ್ಲ. ಆದ್ರೆ ಬಟ್ಟೆ ಹೊಲಿಸೋಕೆ ನನ್ನ ಹತ್ರ ಬಂದೇ ಬರ್ತಾರೆ. ಎದೆ, ಸೊಂಟ, ತೋಳು, ಎಲ್ಲ ಅಳೀತೀನಿ. ಬಿಪಿ ಒಂದು ಅಳೆಯೋಕೆ ನನಗೆ ಬರಲ್ವಾ?"

ಸಂಶೋಧಕಿ ನಗುತ್ತ ಚೀಲ ಕೆಳಗಿಟ್ಟು, ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತಳು. "ಹೇಳಿ ಆಂಟಿ, ತಿಂಗಳಿಗೆ ಸುಮಾರು ಎಷ್ಟು ಜನ ಬರ್ತಾರೆ?"