ಬೆಂಕಿ ಹಚ್ಚಿದವನು ತಂದ ಗಿಳಿ

ಖಳನಾಯಕರೆಂದರೆ ನನಗೆ ಮೊದಲಿನಿಂದಲೂ ಇಷ್ಟ. ಅವರು ನಾಯಕರ ಹಾಗೆ ಉಪದೇಶ ಮಾಡುವುದಿಲ್ಲ, ಹೊಟ್ಟೆ ತುಂಬ ಉಣ್ಣುತ್ತಾರೆ, ಮರ ತಬ್ಬಿಕೊಂಡು ಹಾಡುವುದಿಲ್ಲ. ನನ್ನದು ಒಂದೇ ಷರತ್ತು. ಕೆಟ್ಟವನು ಕೊನೆಯವರೆಗೂ ಕೆಟ್ಟವನಾಗಿಯೇ ಇರಬೇಕು. ನಡುವೆ ಎಲ್ಲೋ ಒಂದು ಒಳ್ಳೆಯ ಕೆಲಸ ಮಾಡಿ ನನ್ನಂಥ ಬಡ ಮಾಸ್ತರನನ್ನು ಪೇಚಿಗೆ ಸಿಕ್ಕಿಸಬಾರದು.

ಮಾಸ್ತರ ಎಂದೆನಲ್ಲ, ಆ ಕಥೆಯನ್ನೂ ಹೇಳಿಬಿಡುತ್ತೇನೆ. ನಿಜಾಮಶಾಹಿ ಹೋಗಿ ಎರಡು ಮೂರು ವರ್ಷವಾಗಿತ್ತು. ಸೇಡಂನ ಶಾಲೆಯೊಂದರಲ್ಲಿ ಉರ್ದುವಿನಲ್ಲಿ ಭೂಗೋಳ ಹೇಳುತ್ತಿದ್ದ ನನ್ನನ್ನು ಒಂದು ಮುಂಜಾನೆ ಕನ್ನಡ ಪಂಡಿತನನ್ನಾಗಿ ಮಾಡಿದರು. ಉರ್ದುವಿನಲ್ಲಿ ಕಲಿತು, ಉರ್ದುವಿನಲ್ಲೇ ಬೈದು, ಕನ್ನಡದಲ್ಲಿ ಕಾವ್ಯ ಕಲಿಸುವ ಜಾತಿ ನಮ್ಮದು. ಪ್ರತಿ ಪಾಠದ ಕೊನೆಗೆ ‘ಕಥಾನಾಯಕನ ಸ್ವಭಾವವನ್ನು ವಿವರಿಸಿರಿ’ ಎಂಬ ಪ್ರಶ್ನೆ ಇರುತ್ತಿತ್ತು. ನಾನು ಕರಿಹಲಗೆಯ ನಡುವೆ ಗೆರೆ ಎಳೆದು ಎಡಕ್ಕೆ ಗುಣ, ಬಲಕ್ಕೆ ಅವಗುಣ ಬರೆಸುತ್ತಿದ್ದೆ. ಎರಡೂ ಕಡೆ ಸಮಸಮ ಬಂದವನನ್ನು ‘ಪಾತ್ರಪೋಷಣೆ ಸರಿಯಿಲ್ಲ’ ಎಂದು ಅಳಿಸಿಬಿಡುತ್ತಿದ್ದೆ.

ಈ ಲೆಕ್ಕದಲ್ಲಿ ನಮ್ಮ ಹಳೆಯ ಕಾವ್ಯಗಳಲ್ಲಿ ಯಾರೂ ಉಳಿಯುವುದಿಲ್ಲ ಎಂಬುದು ಬೇರೆ ಮಾತು. ಪೂಜೆ ಮಾಡದೆ ಬಾಯಿಗೆ ನೀರು ಹಾಕದವನು ಮಧ್ಯಾಹ್ನ ಪರರ ಹೆಂಡತಿಯ ಮೇಲೆ ಕಣ್ಣು ಹಾಕುತ್ತಾನೆ. ಸುಳ್ಳನ್ನೇ ಆಡದವನು ಯುದ್ಧದಲ್ಲಿ ಅರ್ಧ ಮಾತನ್ನು ನುಂಗಿ ಗೆಲ್ಲುತ್ತಾನೆ. ಪ್ರಜೆಗಳನ್ನು ಮಕ್ಕಳಂತೆ ಕಂಡ ದೊರೆ ಪಗಡೆ ಹಾಸಿನ ಮುಂದೆ ಕುಳಿತರೆ ಹೆತ್ತ ಮಕ್ಕಳನ್ನೂ ಮರೆಯುತ್ತಾನೆ. ಹೆಸರು ಹೇಳಲಾರೆ, ಅವರ ಭಕ್ತರೆಲ್ಲ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಹಳೆಯ ಕವಿಗಳಿಗೆ ಇಂಥದ್ದರಲ್ಲಿ ನಾಚಿಕೆಯೇ ಇರಲಿಲ್ಲ. ಪಾಪ, ಅವರು ನನ್ನ ಕೈಕೆಳಗೆ ಓದಿದವರಲ್ಲ.

ಕವಿಗಳನ್ನು ತಿದ್ದುವುದು ನನ್ನಿಂದಾಗಲಿಲ್ಲ. ಅದಕ್ಕೇ ಅಕ್ಕನಿಗೆ ಬಂದ ವರಗಳನ್ನು ತಿದ್ದಲು ಹೊರಟೆ. ಅವ್ವ ಅಪ್ಪ ತೀರಿಕೊಂಡ ಮನೆಯಲ್ಲಿ ರೊಟ್ಟಿ ಬಡಿದು ಹಾಕಿ ನನ್ನನ್ನು ಓದಿಸಿದವಳು ಅಕ್ಕ. ಅವಳ ಓರಗೆಯವರ ಮಕ್ಕಳು ಆಗಲೇ ನನ್ನ ಕೈಯಲ್ಲಿ ಏಟು ತಿನ್ನುವಷ್ಟು ದೊಡ್ಡವರಾಗಿದ್ದರು. ಚಿಂಚೋಳಿಯ ವರ ವಚನ ಹೇಳಿದ ಬಾಯಲ್ಲೇ ಬೀಡಿ ಸೇದಿದ, ಬೇಡವೆಂದೆ. ಚಿತ್ತಾಪುರದವನು ಭಾಷಣದಲ್ಲಿ ಸಮಾನತೆ ಸಾರಿ ಮನೆಯಲ್ಲಿ ಆಳನ್ನು ಗದರಿಸಿದ, ಬೇಡವೆಂದೆ. ಎರಡೂ ಸಲ ಅಕ್ಕನ ರೊಟ್ಟಿ ಬಡಿಯುವ ಸಪ್ಪಳ ಸ್ವಲ್ಪ ಜೋರಾಯಿತು.

ಮೂರನೆಯದು ಶಹಾಬಾದಿನದು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿ ನೋಡಿಕೊಳ್ಳುವ ಹುಡುಗ, ಹೆಸರು ಶರಣಪ್ಪ. ಸುಲೇಪೇಟದ ಕಾಕಾ ತಂದ ಸಂಬಂಧ. “ಇದನ್ನೂ ಮುರದ್ರ ಇನ್ನ ನಾ ವರ ಹುಡುಕಾಂವ ಅಲ್ಲ ನೋಡು” ಎಂದು ಕಾಕಾ ಕೈ ಝಾಡಿಸಿಬಿಟ್ಟಿದ್ದರು. ನಾನು ಕೋಟು ತೊಟ್ಟು ಚೌಕಶಿಗೆ ಹೊರಟೆ.

ಚೌಕಶಿಗೂ ಒಂದು ಶಾಸ್ತ್ರವಿದೆ. ವಿಚಾರಿಸಲು ಹೋದವನು ತಾನು ಯಾರೆಂದು ಹೇಳಬಾರದು, ಬೀಗರಾಗುವವರ ಮನೆಯ ನೀರು ಮುಟ್ಟಬಾರದು, ಸುಮ್ಮನೆ ಬಂದವನಂತೆ ನಾಲ್ಕು ಅಂಗಡಿಯ ಮುಂದೆ ನಿಂತು ಕೇಳಬೇಕು. ಏನೂ ಕೊಳ್ಳದೆ ಕೋಟು ಹಾಕಿಕೊಂಡು ನಿಂತವನು ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ. ಗೊತ್ತಿಲ್ಲದವರಂತೆ ನಟಿಸುವುದು ಊರಿನವರ ಪಾಲಿನ ಶಾಸ್ತ್ರ.

ಸೈಕಲ್ ಅಂಗಡಿಯವನು ಹೇಳಿದ: “ಕೆಲಸದಾಗ ಹುಲಿ ಅದಾನ್ರಿ. ಆದ್ರ ಬಾಯಿ ಭಾಳ ಖರಾಬ್. ಖಣ್ಯಾಗ ನಿಂತು ಬೈದ್ರ ಸ್ಟೇಷನ್ನಿಗಿ ಕೇಳ್ತದ.” ಸರಿ, ಅವಗುಣ ಎಂದು ಮನಸ್ಸಿನ ಹಲಗೆಯ ಬಲಕ್ಕೆ ಬರೆದುಕೊಂಡೆ. ಪಕ್ಕದಲ್ಲಿ ಕಟ್ಟಿಗೆ ಹೊರೆ ಇಳಿಸಿ ಕುಳಿತಿದ್ದ ಮುದುಕಿ ನಡುವೆ ಬಾಯಿ ಹಾಕಿದಳು. “ನನ್ನ ಗಂಡನ ಕಾಲ ಮ್ಯಾಲ ಫರಸಿ ಬಿದ್ದಾಗ ಅವನೇ ಹೆಗಲ ಮ್ಯಾಲ ಹೊತ್ತು ದವಾಖಾನಿಗಿ ಒಯ್ದಾನ್ರಿ. ಹಾದಿ ತುಂಬಾ ಅವನ್ನ ಬೈಕೋತ ಒಯ್ದ. ಕಣ್ಣ ಎಲ್ಲಿ ಇಟ್ಟಿದ್ದಿ ಭಾಡ್ಯಾ, ಅಂತ.” ಇದನ್ನು ಎಡಕ್ಕೆ ಬರೆಯಲೋ ಬಲಕ್ಕೆ ಬರೆಯಲೋ ತಿಳಿಯದೆ ನಾನು ಚಹಾ ಕುಡಿಯಲು ಹೋದೆ.

ಸಂಜೆ ಬಯಲಿನಲ್ಲಿ ಹೊಡೆದಿದ್ದ ತಂಬಿನಲ್ಲಿ ಸಿನೆಮಾ ಇತ್ತು. ಸಿನೆಮಾ ಹುಡುಗರನ್ನು ಕೆಡಿಸುತ್ತದೆಂದು ಶಾಲೆಯಲ್ಲಿ ಭಾಷಣ ಮಾಡುವವನಾದ್ದರಿಂದ ಮುಖಕ್ಕೆ ಟವೆಲ್ ಸುತ್ತಿಕೊಂಡು ಒಳಗೆ ಕುಳಿತೆ. ಹಿಂದಿ ಚಿತ್ರ. ಜಮೀನ್ದಾರನೊಬ್ಬ ವಿಧವೆಯ ಗುಡಿಸಲಿಗೆ ಬೆಂಕಿ ಹಚ್ಚಿಸುತ್ತಾನೆ. ಇಲ್ಲಿಯವರೆಗೆ ಎಲ್ಲ ಸರಿ, ಪಾತ್ರ ಅಚ್ಚುಕಟ್ಟಾಗಿದೆ. ಅಷ್ಟರಲ್ಲಿ ಒಳಗಿನಿಂದ ಗಿಳಿ ಕಿರುಚುತ್ತದೆ. ಜಮೀನ್ದಾರ ತಾನೇ ಹಚ್ಚಿಸಿದ ಬೆಂಕಿಯೊಳಗೆ ನುಗ್ಗಿ, ಮೀಸೆ ಸುಟ್ಟುಕೊಂಡು, ಪಂಜರ ಹೊತ್ತು ಹೊರಗೆ ಬರುತ್ತಾನೆ! ಇಡೀ ತಂಬೇ ಎದ್ದು ನಿಂತಿತು. ಅರ್ಧ ಮಂದಿ ಸಿಳ್ಳೆ, ಅರ್ಧ ಮಂದಿ ಶಾಪ. ಮುಂದೆ ಕುಳಿತಿದ್ದ ಗಟ್ಟಿಮೈಯ ಹುಡುಗನೊಬ್ಬ ಜಮೀನ್ದಾರನ ತಾಯಿಯವರೆಗೂ ಹೋಗಿ ಬೈಯುತ್ತ, ಅದೇ ಹೊತ್ತಿಗೆ ತೋಳಿನಿಂದ ಕಣ್ಣೀರು ಒರೆಸಿಕೊಳ್ಳುತ್ತಿದ್ದ. ಯಾರೆಂದು ಕೇಳಿದರೆ, ಶರಣಪ್ಪ. ನನ್ನ ನಿರ್ಧಾರ ಅಲ್ಲೇ ಆಯಿತು: ಪಾತ್ರಪೋಷಣೆ ಸರಿಯಿಲ್ಲ.

ಶಹಾಬಾದಿನಿಂದ ಸೇಡಮ್ಮಿಗೆ ಹೋಗುವವನು ವಾಡಿಯಲ್ಲಿ ಗಾಡಿ ಬದಲಿಸಲೇಬೇಕು. ಸೇಡಮ್ಮಿನಿಂದ ಶಹಾಬಾದಿಗೆ ಹೋಗುವವನ ಹಣೆಬರಹವೂ ಅದೇ. ಮರುದಿನ ಮುಂಜಾನೆ ವಾಡಿಯ ಬೆಂಚಿನ ಮೇಲೆ ರುಮಾಲಿನ ಹಿರಿಯರೊಬ್ಬರು ಬುತ್ತಿ ಬಿಚ್ಚಿ, “ಬರ್ರಿ, ಕುಂದ್ರಿ” ಎಂದು ನನ್ನ ಕೈಗೆ ಅರ್ಧ ರೊಟ್ಟಿ, ಪುಂಡಿಪಲ್ಯ ಇಟ್ಟರು. ಅವರೂ ಆ ಸಿನೆಮಾ ನೋಡಿದ್ದರು. ನಾನು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಜಮೀನ್ದಾರನ ಪಾತ್ರದಲ್ಲಿ ಸುಸಂಬದ್ಧತೆ ಇಲ್ಲವೆಂದು ವಿವರಿಸಿದೆ. ಅವರು ಶಾಂತವಾಗಿ ಕೇಳಿ, ಯಾವೂರು ಎಂದರು. ಸೇಡಂ ಎಂದೆ.

“ನಾ ಅಲ್ಲಿಂದೇ ಬರಾಕತ್ತೀನಿ. ನಮ್ಮ ಅಕ್ಕನ ಮಗಗ ಒಂದು ಕನ್ಯಾ ನೋಡಾಕತ್ತೀವಿ. ಹುಡುಗಿ ಭಾಳ ಛಲೋ ಅಂತಾರಿ. ತಮ್ಮ ಒಬ್ಬ ಮಾಸ್ತರ ಅದಾನಂತ, ಅವಂದೇ ತಿಳಿವಲ್ದು. ಸಿಟ್ಟು ಮಾಡಬ್ಯಾಡ್ರಿ ಅಂತ ಪಾಠ ಹೇಳ್ತಾನಂತ, ಹೇಳೂದ್ರಾಗೇ ಛಡಿ ಮುರೀತದಂತ. ಸಿನೆಮಾ ಕೆಟ್ಟದ್ದಂತಾನ, ಟವೆಲ್ ಸುತಗೊಂಡು ತಂಬಿನ್ಯಾಗ ಕುಂದರ್ತಾನಂತ. ಅಕ್ಕಗ ಬಂದ ಎರಡು ಸಂಬಂಧ ಅವನೇ ಮುರದಾನ. ಆಕಿ ಹೋದ್ರ ರೊಟ್ಟಿ ಬಡಿಯೋರು ಯಾರು ಅಂತ ಮುರದಾನ ಅಂತಾರ ಊರ ಮಂದಿ.”

ಟವೆಲ್ ನನ್ನ ಹೆಗಲ ಮೇಲೇ ಇತ್ತು. ಊರವರ ಮಾತು ಸುಳ್ಳೆಂದು ಹೇಳಬೇಕೆನ್ನಿಸಿತು. ಆದರೆ ಅದು ಪೂರ್ತಿ ಸುಳ್ಳೇ ಎಂದು ನನಗೇ ಖಾತ್ರಿಯಾಗಲಿಲ್ಲ. ನನ್ನನ್ನು ಹಲಗೆಯ ಮೇಲೆ ಬರೆದು ಯಾರಾದರೂ ಅಳಿಸಿದರೆ ಅಕ್ಕನ ಬಾಳೂ ಅದರ ಜೊತೆಗೇ ಅಳಿಸಿಹೋಗುತ್ತದಲ್ಲ ಎಂದು ನಿಜಕ್ಕೂ ಹೆದರಿಕೆಯಾಯಿತು.

“ಹಂಗಾರ... ಬ್ಯಾಡ ಅಂತೀರೇನ್ರಿ?” ಎಂದು ಮೆಲ್ಲಗೆ ಕೇಳಿದೆ.

“ಒಬ್ಬಾಕಿ ಹೇಳಿದಳು, ನನ್ನ ಮಗನ್ನ ಬಾಸುಂಡಿ ಬರೂವಂಗ ಹೊಡದಾನ, ಹುಡುಗಗ ಜ್ವರಾ ಬಂದಾಗ ದಿನಾ ಸಂಜಿಗಿ ಮನಿಗಿ ಬಂದು ಕುಂತು ಪಾಠ ಹೇಳ್ಯಾನ ಅಂತ.” ಹಿರಿಯರು ಕೈ ತೊಳೆದುಕೊಂಡರು. “ಬೆಂಕಿ ಹಚ್ಚೋರು ಎಲ್ಲಾ ಊರಾಗೂ ಇರ್ತಾರ್ರಿ. ಗಿಳಿ ತರೋರು ಕಮ್ಮಿ. ಸಂಬಂಧ ಮಾಡ್ರಿ ಅಂತ ಹೇಳಾಂವ ಇದ್ದೀನಿ.” ಗಾಡಿ ಬಂತು, ಅವರು ಹತ್ತಿದರು. ನನ್ನ ಹೆಸರನ್ನು ಅವರು ಕೇಳಲಿಲ್ಲ. ಮದುವೆಯ ದಿನ ನನ್ನ ಪಕ್ಕದಲ್ಲಿ ಊಟಕ್ಕೆ ಕುಳಿತಾಗ ಮಾತ್ರ, “ಟವೆಲ್ ಎಲ್ಲಿ ಬಿಟ್ರಿ?” ಎಂದರು.

ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದೆ, ಬೆಂಚಿನ ಮೇಲಿನ ಮಾತೊಂದನ್ನು ಬಿಟ್ಟು. ಬಾಯಿ ಖರಾಬ್ ಎಂದೆ, ಮುದುಕಿಯ ಗಂಡನ ಕಥೆ ಹೇಳಿದೆ. ಅಕ್ಕ ಹಿಟ್ಟು ನಾದುವುದನ್ನು ನಿಲ್ಲಿಸಿದಳು.

“ಹೊತ್ತಾನೋ ಇಲ್ಲೋ?”

“ಹೊತ್ತಾನ. ಆದ್ರ ಹಾದಿ ತುಂಬಾ ಬೈದಾನ.”

“ಬೈಗಳಾ ನಿನ್ನ ಬಾಯಾಗ ದಿನಾ ಕೇಳೀನಿ. ಹೊರೂದು ಇನ್ನಾ ನೋಡಿಲ್ಲ. ಹೂಂ ಅಂತ ಹೇಳಿಕಳಿಸು” ಎಂದಳು.

ಇಷ್ಟು ಚಿಕ್ಕ ವಿಮರ್ಶೆಯನ್ನು ನಾನು ಅದುವರೆಗೆ ಓದಿರಲಿಲ್ಲ. ಆ ವಾರವೇ ಹಲಗೆಯ ನಡುವಿನ ಗೆರೆ ಎಳೆಯುವುದನ್ನು ಬಿಟ್ಟೆ. ಇನ್ನು ಏನು ಬರೆಯಬೇಕೆಂದು ಹುಡುಗರು ಕೇಳಿದರೆ ನನಗೂ ಗೊತ್ತಿರಲಿಲ್ಲ. ಛಡಿಯನ್ನು ಮಾತ್ರ ಬಿಡಲಾಗಲಿಲ್ಲ, ಅದೂ ನನ್ನ ಪಾತ್ರಪೋಷಣೆಯೇ ಇರಬೇಕು.

ಮದುವೆಯಾದ ಮೇಲೆ ಮೊದಲ ಸಲ ಶಹಾಬಾದಿಗೆ ಹೋದಾಗ ಶರಣಪ್ಪ ಮಾವ ಸ್ಟೇಷನ್ನಿಗೆ ಬಂದಿದ್ದ. ಪುಸ್ತಕ ತುಂಬಿದ್ದ ನನ್ನ ಟ್ರಂಕನ್ನು ಕೇಳದೆಯೇ ಹೆಗಲಿಗೇರಿಸಿದ. “ಏನ್ ತುಂಬೀರಿ ಮಾಸ್ತರ ಇದರಾಗ? ನಮ್ಮೂರಾಗ ಕಲ್ಲು ಕಮ್ಮಿ ಬಿದ್ದಾವಂತ ಹೊತಗೊಂಡು ಬಂದೀರೇನು?” ಎಂದು ಶುರುಮಾಡಿದವನು ನನ್ನ ಓದನ್ನು, ನನ್ನ ಶಾಲೆಯನ್ನು, ಪುಸ್ತಕ ಅಚ್ಚು ಹಾಕಿದವನ ಮನೆತನವನ್ನು ಬಿಸಿಲಲ್ಲಿ ಬೈಯುತ್ತ ನಡೆದ. ನಾನು ಕೈಬೀಸಿಕೊಂಡು ಹಿಂದೆ ಹಿಂದೆ ಹೋದೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. “ಭಾಳ ಬೈದ್ರೇನು?” ಎಂದು ಕೇಳಿದಳು.

“ಸ್ಟೇಷನ್ನಿನಿಂದ” ಎಂದೆ.

“ಟ್ರಂಕು?”

“ಎಲ್ಲೂ ಇಳಸ್ಲಿಲ್ಲ.”